ಮೂವತ್ತು ಇಂಚಿನ ಆಫೀಸು

ವಾರಕ್ಕೆ ಮೂರು ದಿನ ಮನೆಯಿಂದಲೇ ಕೆಲಸ ಮಾಡಿ ಅಂತ ಆಫೀಸಿನವರು ಹೇಳಿದ ದಿನ ನಾನು ಮೊದಲು ಮಾಡಿದ್ದು ಅಳತೆ ಟೇಪು ಹುಡುಕುವ ಕೆಲಸ. ಸಿಗಲಿಲ್ಲ. ಕೊನೆಗೆ ಅಮ್ಮನ ಹೊಲಿಗೆ ಡಬ್ಬದಿಂದ ಬಟ್ಟೆ ಅಳೆಯುವ ಟೇಪು ಎತ್ತಿಕೊಂಡೆ. ಅದು ಇರುವುದೇ 60 ಇಂಚು. ನಮ್ಮ ಹಾಲಿನ ಉದ್ದ ಎರಡೂವರೆ ಟೇಪು, ಅಗಲ ಎರಡು ಟೇಪು ಬಂತು. ಅಡಿಗೆ ತಿರುಗಿಸಿ ಲೆಕ್ಕ ಹಾಕುವ ಧೈರ್ಯ ಆಗಲಿಲ್ಲ.

ಮನೆಯಿಂದ ಕೆಲಸ ಮಾಡುವವರಿಗೆ ಬುದ್ಧಿ ಹೇಳುವವರೆಲ್ಲ ಒಂದೇ ಮಾತಿನಿಂದ ಶುರು ಮಾಡುತ್ತಾರೆ: "ಮೊದಲು ಒಂದು ಪ್ರತ್ಯೇಕ ಕೋಣೆ ಆರಿಸಿಕೊಳ್ಳಿ." ತ್ಯಾಗರಾಜನಗರದ ನಮ್ಮ ಬಾಡಿಗೆ ಮನೆಯಲ್ಲಿ ಇರುವುದು ಒಂದು ಹಾಲು, ಒಂದು ಅಡುಗೆಮನೆ, ಒಂದು ಮಲಗುವ ಕೋಣೆ. ಜನ ನಾಲ್ವರು: ಅಮ್ಮ, ನಾನು, ಹೆಂಡತಿ, ಐದನೇ ಕ್ಲಾಸಿನ ಮಗಳು.

"ರೀ, ಖಾಲಿ ಇರೋ ರೂಮು ಅಂದ್ರೆ ಬಚ್ಚಲೊಂದೇ. ಅದೂ ಎಂಟೂವರೆ ಮೇಲೆ" ಅಂದಳು ಹೆಂಡತಿ.

ಡೈನಿಂಗ್ ಟೇಬಲ್ ಇತ್ತಲ್ಲ ಅಂತ ನೀವು ಕೇಳಬಹುದು. ಇತ್ತು. ಅದರ ಮೇಲೆ ನಾವು ಊಟ ಮಾಡಿದ್ದು ತಂದ ಮೊದಲ ವಾರ ಮಾತ್ರ. ಆಮೇಲೆ ಊಟ ಟಿವಿ ಮುಂದೆ ಹೋಯಿತು, ಟೇಬಲ್ಲಿಗೆ ಇಸ್ತ್ರಿ ಬಟ್ಟೆ, ಅಮ್ಮನ ಮಾತ್ರೆ ಡಬ್ಬ, ಕರೆಂಟ್ ಬಿಲ್ಲು, ಎರಡು ಉಪ್ಪಿನಕಾಯಿ ಜಾಡಿ, ಯಾವ ಫೋನಿಗೂ ಸೇರದ ನಾಲ್ಕು ಚಾರ್ಜರು ಬಂದು ಕೂತವು. ಭಾನುವಾರ ಎಲ್ಲ ತೆಗೆದು ಒರೆಸಿದೆ. ಸೋಮವಾರ ಲ್ಯಾಪ್‌ಟಾಪ್ ಇಟ್ಟೆ. ಮಂಗಳವಾರ ಮಾತ್ರೆ ಡಬ್ಬ ವಾಪಸ್ ಬಂತು. ಗುರುವಾರದ ಹೊತ್ತಿಗೆ ಉಪ್ಪಿನಕಾಯಿ ಜಾಡಿಯ ಸಂದಿಯಿಂದ ಮೀಟಿಂಗ್ ಮಾಡುತ್ತಿದ್ದೆ.

ನಿಜವಾದ ತೊಂದರೆ ಎತ್ತರದ್ದು. ಟೇಬಲ್ಲು 30 ಇಂಚು. ಕುರ್ಚಿ 17. ಕೀಬೋರ್ಡಿಗೆ ಕೈ ಇಟ್ಟರೆ ಹೆಗಲು ಕಿವಿಗೆ ತಾಗುತ್ತಿತ್ತು. ಮೊಣಕೈ ಸಮಕೋನದಲ್ಲಿ ಇರಬೇಕು, ಪಾದ ನೆಲಕ್ಕೆ ಪೂರ್ತಿ ಊರಿರಬೇಕು ಅನ್ನುತ್ತಾರೆ. ಸರಿ, ಕುರ್ಚಿಯ ಮೇಲೆ ಎರಡು ದಿಂಬು ಹಾಕಿದೆ. ಮೊಣಕೈ ಸಮಕೋನಕ್ಕೆ ಬಂತು, ಆದರೆ ಪಾದ ನೆಲ ಬಿಟ್ಟಿತು. ಜಾತ್ರೆಯ ತೊಟ್ಟಿಲಲ್ಲಿ ಕೂತ ಹಾಗೆ ಕಾಲು ಜೋತಾಡಿಸಿಕೊಂಡು ಅರ್ಧ ದಿನ ಕಳೆದೆ. ಕಾಲಿಗೆ ಏನಾದರೂ ಬೇಕಿತ್ತು. ಅಟ್ಟದಲ್ಲಿ ಹುಡುಕಿದಾಗ ಒಂದು ಮರದ ಮಣೆ ಸಿಕ್ಕಿತು. ಅಗಲವೂ ಸರಿ, ಎತ್ತರವೂ ಸರಿ. ದೇವರೇ ಕಳಿಸಿದ ಹಾಗಿತ್ತು.

ಮೂರು ದಿನ ಅದರ ಮೇಲೆ ಕಾಲಿಟ್ಟು ಹಾಯಾಗಿ ಕೆಲಸ ಮಾಡಿದೆ. ನಾಲ್ಕನೇ ದಿನ ಅಮ್ಮ ಪೊರಕೆ ಹಿಡಿದು ಟೇಬಲ್ಲಿನ ಕೆಳಗೆ ಬಗ್ಗಿದವಳು ಹಾಗೇ ನಿಂತುಬಿಟ್ಟಳು.

"ಏನೋ ಇದು?"

"ಮಣೆ ಅಮ್ಮ. ಕಾಲಿಗೆ."

"ಕಾಲಿಗಾ! ನಿನ್ನ ಮದುವೆ ಹಸೆಮಣೆ ಕಣೋ ಅದು!"

ಅಡುಗೆಮನೆಯಲ್ಲಿ ಒಗ್ಗರಣೆ ಸದ್ದು ನಿಂತಿತು. ಹೆಂಡತಿ ಸೌಟು ಹಿಡಿದೇ ಬಂದಳು. ಮಣೆಯನ್ನು ನೋಡಿದಳು. ಅದರ ಮೇಲಿದ್ದ ನನ್ನ ಕಾಲನ್ನು ನೋಡಿದಳು. ಏನೂ ಅನ್ನಲಿಲ್ಲ. ನಮ್ಮ ಮನೆಯಲ್ಲಿ ಆ ವಾರ ಯಾರೂ ಜಾಸ್ತಿ ಏನೂ ಅನ್ನಲಿಲ್ಲ.

ಆಮೇಲೆ ಮಲಗುವ ಕೋಣೆಗೆ ಹೋದೆ. ಬೀರುವಿನ ಹಿಂದೆ, ಗೋಡೆ ಪಕ್ಕ, ಒಂದು ಕುರ್ಚಿ ಹಿಡಿಯುವಷ್ಟು ಮೂಲೆ ಇದೆ. ಗಲಾಟೆ ಇಲ್ಲ. ನೆಟ್‌ವರ್ಕೂ ಇಲ್ಲ. ವೈಫೈ ಡಬ್ಬ ಹಾಲಿನಲ್ಲಿ, ನಡುವೆ ಒಂದು ಗೋಡೆ, ಗೋಡೆಗೆ ಒರಗಿ ಆರಡಿಯ ಕಬ್ಬಿಣದ ಬೀರು. ಬೀರು ಕಳ್ಳರನ್ನು ತಡೆಯುತ್ತದೋ ಇಲ್ಲವೋ, ವೈಫೈಯನ್ನು ಚೆನ್ನಾಗಿ ತಡೆಯುತ್ತದೆ. ಲೋಹಕ್ಕೆ ಬಡಿದ ಸಿಗ್ನಲ್ಲು ದಾಟುವುದಿಲ್ಲ, ವಾಪಸ್ ಹೋಗುತ್ತದೆ. 5 ಗಿಗಾಹರ್ಟ್ಸ್‌ನದ್ದಂತೂ ಬರೀ ಗೋಡೆಗೇ ಸೋಲುವ ಜೀವ. 2.4ಕ್ಕೆ ಬದಲಾಯಿಸಿದ ಮೇಲೆ ನನ್ನ ದನಿ ಕೇಳಿಸತೊಡಗಿತು, ಆದರೆ ಬಾಯಿ ಅಲ್ಲಾಡಿದ ಎರಡು ಸೆಕೆಂಡಿನ ನಂತರ.

ಹಿಂದೆ ಕಾಣುವ ಹಾಸಿಗೆ, ಸೊಳ್ಳೆ ಪರದೆ ಮುಚ್ಚಲು ಕ್ಯಾಮೆರಾದಲ್ಲಿ ಪುಸ್ತಕದ ಕಪಾಟಿನ ಸುಳ್ಳು ಹಿನ್ನೆಲೆ ಹಾಕಿಕೊಂಡೆ. ಒಂದು ದಿನ ಮೀಟಿಂಗ್ ಮಧ್ಯೆ ಅಮ್ಮ ಕಾಫಿ ತಂದಳು. ಸುಳ್ಳು ಹಿನ್ನೆಲೆಗೆ ಅಮ್ಮ ಯಾರು ಅಂತ ಗೊತ್ತಿಲ್ಲವಲ್ಲ, ಅವಳನ್ನು ಅಳಿಸಿಹಾಕಿತು. ನನ್ನ ಮುಖದ ಹತ್ತಿರ ಬಂದ ಕೈಯನ್ನು ಮಾತ್ರ ಉಳಿಸಿತು. ಪುಸ್ತಕದ ಕಪಾಟಿನಿಂದ ನಾಲ್ಕು ಬಳೆಯ ಕೈಯೊಂದು ಕಾಫಿ ಲೋಟ ಹಿಡಿದು ಹೊರಗೆ ಬಂದದ್ದನ್ನು ಹನ್ನೊಂದು ಜನ ನೋಡಿದರು. ಒಬ್ಬ ಹುಡುಗ ಮಾತು ಮರೆತ.

ಕಣ್ಣಿಗೂ ಒಂದು ನಿಯಮ ಇದೆ: 20 ನಿಮಿಷಕ್ಕೊಮ್ಮೆ, 20 ಅಡಿ ದೂರದ್ದನ್ನು, 20 ಸೆಕೆಂಡು ನೋಡಬೇಕು. ಟೇಪು ಹಿಡಿದು ಅಳೆದವನಿಗೆ ಗೊತ್ತು, ನಮ್ಮ ಮನೆಯೊಳಗೆ 20 ಅಡಿ ಎಲ್ಲೂ ಇಲ್ಲ. ಹಾಗಾಗಿ ಬಾಲ್ಕನಿಗೆ ಬಂದೆ. ಮೂರಡಿ ಅಗಲ, ಒಂದು ತುಳಸಿ ಗಿಡ, ತಲೆಯ ಮೇಲೆ ಒಣಗುವ ಪಂಚೆ. ಬೆಳಿಗ್ಗೆ ಕಸದ ಗಾಡಿಯ ಹಾಡು, ಆಮೇಲೆ ಸೊಪ್ಪಿನವಳ ಕೂಗು. ಎಲ್ಲ ಸಹಿಸಿಕೊಂಡು 20 ನಿಮಿಷಕ್ಕೊಮ್ಮೆ ತಲೆ ಎತ್ತಿ ದೂರ ನೋಡುತ್ತಿದ್ದೆ. 20 ಅಡಿ ಆಚೆ ಇದ್ದದ್ದು ಎದುರುಮನೆ ಆಂಟಿಯ ಅಡುಗೆಮನೆ ಕಿಟಕಿ.

ಆಂಟಿ ಎರಡು ದಿನ ನೋಡಿದರು. ಮೂರನೇ ದಿನ ಸಂಜೆ ಅಮ್ಮನನ್ನು ಗೇಟಿನ ಹತ್ತಿರ ಹಿಡಿದರು.

"ಪಾಪ, ನಿಮ್ಮ ಹುಡುಗನಿಗೆ ಕೆಲಸ ಹೋಯ್ತಾ? ಇಡೀ ದಿನ ಶೂನ್ಯ ನೋಡ್ಕೊಂಡು ಕೂತಿರ್ತಾನೆ."

"ಇಲ್ಲಪ್ಪ, ಮನೇಲೇ ಕೆಲಸ ಮಾಡ್ತಾನೆ."

"ಹಾಗೇ ಹೇಳ್ಬೇಕು ಬಿಡಿ. ನಮ್ಮ ಭಾವನ ಮಗನೂ ಆರು ತಿಂಗಳು ಹಾಗೇ ಹೇಳ್ತಿದ್ದ."

ಸುದ್ದಿ ನನ್ನ ವೈಫೈಗಿಂತ ಚೆನ್ನಾಗಿ ಗೋಡೆ ದಾಟಿತು. ಇಸ್ತ್ರಿಯವನಿಗೆ ದುಡ್ಡು ಕೊಡಲು ಹೋದರೆ, "ಇರಲಿ ಬಿಡಿ ಸಾರ್, ಮುಂದಿನ ತಿಂಗಳು ಕೊಡಿ. ಕಷ್ಟ ಮನುಷ್ಯರಿಗಲ್ದೆ ಮರಕ್ಕೆ ಬರುತ್ತಾ?" ಅಂದ. ನಾನು ಹಟ ಮಾಡಿ ನೋಟು ತುರುಕಿದೆ. ಅದರಿಂದ ಅವನಿಗೆ ಮರುಕ ಇನ್ನೂ ಜಾಸ್ತಿ ಆಯಿತು.

ಇನ್ನು ಗೋಡೆಗೆ ಮಡಚುವ ಹಲಗೆ ಹೊಡೆಸುವುದು ಅಂತ ತೀರ್ಮಾನಿಸಿದೆ. ಬಡಗಿ ಬಂದ, 18 ಮಿಲಿಮೀಟರ್ ಪ್ಲೈವುಡ್ಡು, ಎರಡು ಮಡಚುವ ಬ್ರಾಕೆಟ್ಟು, ಕೆಲಸ ಮುಗಿದ ಮೇಲೆ ಗೋಡೆಗೆ ಒರಗಿಸಿಬಿಡಿ ಅಂದ. ಡ್ರಿಲ್ಲು ಚಾಲೂ ಮಾಡಿ ಅರ್ಧ ನಿಮಿಷ ಆಗಿರಲಿಲ್ಲ, ಕೆಳಗಿನಿಂದ ಓನರ್ ಮೇಲೆ ಬಂದರು. ಬಾಡಿಗೆ ಕರಾರು 11 ತಿಂಗಳದ್ದು. ವರ್ಷ ಮೀರಿದರೆ ರಿಜಿಸ್ಟರ್ ಮಾಡಿಸಬೇಕಲ್ಲ, ಅದಕ್ಕೆ. ಆದರೆ ಅದರಲ್ಲಿ ಮೊಳೆಯ ಬಗ್ಗೆ ಬರೆದದ್ದು ಮಾತ್ರ ಯುಗಯುಗಾಂತರಕ್ಕೂ ಸಲ್ಲುವ ಹಾಗಿದೆ. ಬಡಗಿ ಬಂದ ದಾರಿಗೆ ಹೋದ. ಅವನು ಕೊರೆದ ಒಂದೇ ಒಂದು ತೂತಿನ ಮೇಲೆ ಈಗ ಕ್ಯಾಲೆಂಡರು ಇದೆ. ಓನರ್‌ಗೆ ಗೊತ್ತಿಲ್ಲ.

ಅಂದು ಸಂಜೆ ಸೋತು ಹಾಲಿನ ಕಿಟಕಿಯ ಪಕ್ಕ ಕೂತೆ. ಲ್ಯಾಪ್‌ಟಾಪನ್ನು ಸುಮ್ನೆ ಕೈಗೆ ಸಿಕ್ಕ ಹಲಗೆಯ ಮೇಲೆ ಇಟ್ಟೆ. ಒಂದೆರಡು ಮೇಲ್‌ಗೆ ಉತ್ತರ ಬರೆದೆ. ಬೆಳಕು ಎಡಗಡೆಯಿಂದ ಬೀಳುತ್ತಿತ್ತು, ಕಣ್ಣಿಗೂ ಹೊಡೆಯುತ್ತಿರಲಿಲ್ಲ, ತೆರೆಗೂ ಹೊಡೆಯುತ್ತಿರಲಿಲ್ಲ. ಕಾಲು ಏನೋ ಒಂದರ ಮೇಲೆ ಆರಾಮಾಗಿ ಕೂತಿತ್ತು. ಬಗ್ಗಿ ನೋಡಿದೆ. ಅಮ್ಮನ ಹೊಲಿಗೆ ಮಿಷನ್ನು! ತಲೆಯನ್ನು ಒಳಗೆ ಮಲಗಿಸಿ ಮೇಲೆ ಹಲಗೆ ಮುಚ್ಚುವಂಥದ್ದು. ಟೇಪು ತಂದು ಅಳೆದೆ. ಸರಿಯಾಗಿ 30 ಇಂಚು. ಡೈನಿಂಗ್ ಟೇಬಲ್ಲಿನಷ್ಟೇ ಎತ್ತರ, ಆದರೆ ಕಾಲಿಡಲು ಕೆಳಗೆ ಎರಕದ ಕಬ್ಬಿಣದ ತುಳಿಮಣೆ. ಅದರ ಮೇಲೆ ಎಲ್ಲರೂ ಕಾಲಿಡಬಹುದು. ಇಡಲೇಬೇಕು.

"ಇಟ್ಕೋಪ್ಪ, ಬೇಡ ಅಂದೋರ್ಯಾರು" ಅಂದಳು ಅಮ್ಮ. "ನಾಲ್ಕು ಗಂಟೆ ತನಕ. ಆಮೇಲೆ ನಂಗೆ ಫಾಲ್ ಹಾಕೋಕೆ ಸೀರೆ ಬಂದಿರ್ತವೆ."

ಈಗ ಬೆಳಿಗ್ಗೆ ಒಂಬತ್ತರಿಂದ ನಾಲ್ಕರವರೆಗೆ ಅದು ಆಫೀಸು. ತೆರೆ ಕಣ್ಣಿನ ಮಟ್ಟಕ್ಕೆ ಬರಲಿ ಅಂತ ಲ್ಯಾಪ್‌ಟಾಪಿನ ಕೆಳಗೆ ಮಗಳ ಪಠ್ಯಪುಸ್ತಕ ಇಟ್ಟಿದ್ದೇನೆ, ಬೇರೆ ಕೀಬೋರ್ಡು ಕೊಂಡಿದ್ದೇನೆ. ಅವಳಿಗೆ ಟೆಸ್ಟ್ ಇದ್ದ ದಿನ ತೆರೆ ಒಂದಿಂಚು ಕೆಳಗಿಳಿಯುತ್ತದೆ. ಇನ್ನೊಂದು ಸಣ್ಣ ಸಮಸ್ಯೆ, ಯೋಚನೆ ಮಾಡುವಾಗ ನನ್ನ ಕಾಲು ತಾನಾಗೇ ತುಳಿಯುತ್ತದೆ. ಬೆಲ್ಟು ಬಿಚ್ಚಿದ್ದರೂ ಕೆಳಗಿನ ದೊಡ್ಡ ಚಕ್ರ ತಿರುಗುತ್ತದೆ, ಕಟಕಟ ಅಂತ.

ಹೋದ ವಾರ ಮೂರೂಮುಕ್ಕಾಲಿಗೆ ಶುರುವಾದ ಮೀಟಿಂಗ್ ಮುಗಿಯುವ ಲಕ್ಷಣ ಕಾಣಲಿಲ್ಲ. ಪಕ್ಕದಲ್ಲಿ ಅಮ್ಮ ಮೂರು ಸೀರೆ ಹೆಗಲಿಗೆ ಹಾಕಿಕೊಂಡು ಗಡಿಯಾರ ನೋಡುತ್ತಿದ್ದಳು.

"ಸಾರ್, ಐದು ನಿಮಿಷ. ಮಿಷನ್ ಬಿಟ್ಟುಕೊಡಬೇಕು" ಅಂದೆ.

"ಏನು, ಮಿಷನ್ ಕೈಕೊಡ್ತಾ?" ಅಂದರು ಮ್ಯಾನೇಜರು. "ನಂಗೂ ಅನಿಸಿತ್ತು ರೀ. ಒಂದು ವಾರದಿಂದ ಕಟಕಟ ಅನ್ನುತ್ತೆ. ಫ್ಯಾನ್ ಹೋಗಿದೆ. ಐಟಿಯವರಿಗೆ ಹೇಳ್ತೀನಿ ಇರಿ."

ಹೇಳಿಯೇಬಿಟ್ಟರು. ಮರುದಿನ ಐಟಿಯವರಿಂದ ಮೇಲ್ ಬಂತು: ಮಿಷನ್ ಯಾವ ವರ್ಷದ್ದು, ತೊಂದರೆ ಏನು, ಹಳೆಯದಾಗಿದ್ದರೆ ಬದಲಾಯಿಸಿ ಕೊಡುತ್ತೇವೆ.

ಅಮ್ಮನಿಗೆ ಓದಿ ಹೇಳಿದೆ.

"ನಿಮ್ಮಪ್ಪ ತಂದಿದ್ದು 1981ರಲ್ಲಿ, ನಿಮ್ಮಕ್ಕ ಹುಟ್ಟಿದ ವರ್ಷ" ಅಂದಳು, ಸೂಜಿಗೆ ದಾರ ಪೋಣಿಸುತ್ತಲೇ. "ಬದಲಾಯಿಸೋದೇನೂ ಬೇಡ. ಹೊಸ ಬೆಲ್ಟು ಹಾಕಿ ಎರಡು ಹನಿ ಎಣ್ಣೆ ಬಿಟ್ರೆ ಸಾಕು ಅಂತ ಬರಿ."