ಖಜಾಂಚಿ ಆ್ಯನ್ ರಿಚರ್ಡ್ಸ್ ಬಗ್ಗೆ ಯಾಕೆ ಯಾರೂ ಮಾತಾಡಲ್ಲ?

ಅಮೆರಿಕದ ರಾಜಕೀಯ ಸ್ವಲ್ಪ ಗೊತ್ತಿರುವವರಿಗೆ ಆ್ಯನ್ ರಿಚರ್ಡ್ಸ್ ಅಂದರೆ 1988ರ ಭಾಷಣ. ಅಟ್ಲಾಂಟಾದಲ್ಲಿ ಡೆಮಾಕ್ರಟಿಕ್ ಪಕ್ಷದ ಸಮಾವೇಶ, ಎತ್ತಿ ಕಟ್ಟಿದ ಬೆಳ್ಳಿ ಕೂದಲು, ಆಗ ಉಪಾಧ್ಯಕ್ಷರಾಗಿದ್ದ ಜಾರ್ಜ್ ಬುಷ್ ಅವರನ್ನು ಚುಚ್ಚಿದ ಆ ಮಾತು. ಇಲ್ಲಾಂದ್ರೆ 1994ರಲ್ಲಿ ಅದೇ ಬುಷ್ ಅವರ ಮಗನ ಎದುರು ಟೆಕ್ಸಸ್ ಗವರ್ನರ್ ಚುನಾವಣೆ ಸೋತದ್ದು.

ಆ ಭಾಷಣ ಮಾಡುವಾಗ ಅವರು ಯಾವ ಹುದ್ದೆಯಲ್ಲಿದ್ದರು? ಟೆಕ್ಸಸ್ ರಾಜ್ಯದ ಖಜಾಂಚಿ. 1983ರಿಂದ 1991ರವರೆಗೆ, ಎರಡು ಅವಧಿ. ನನ್ನನ್ನು ಕೇಳಿದರೆ, ಅವರ ರಾಜಕೀಯದಲ್ಲಿ ಎಲ್ಲಕ್ಕಿಂತ ಜಾಸ್ತಿ ಮಾತಾಡಬೇಕಾದ್ದು ಈ ವರ್ಷಗಳ ಬಗ್ಗೆ.

ನಮ್ಮಲ್ಲಿ ಖಜಾಂಚಿಯನ್ನು ಜನ ವೋಟು ಹಾಕಿ ಆರಿಸುವುದಿಲ್ಲ. ಖಜಾನೆ ಇಲಾಖೆ ಅಧಿಕಾರಿಗಳ ಕೈಯಲ್ಲಿದೆ. ಲೆಕ್ಕ ಪರಿಶೋಧಿಸುವ ಸಿಎಜಿಯನ್ನು ರಾಷ್ಟ್ರಪತಿಗಳು ನೇಮಿಸುತ್ತಾರೆ. ಅಮೆರಿಕದ ಹಲವು ರಾಜ್ಯಗಳಲ್ಲಿ ಹಾಗಲ್ಲ. ಗವರ್ನರ್‌ಗೆ ಬೇರೆ ವೋಟು, ಖಜಾಂಚಿಗೆ ಬೇರೆ ವೋಟು. ಹುದ್ದೆ ದೊಡ್ಡದು, ಆದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಟೆಕ್ಸಸ್‌ನಲ್ಲಿ ಜೆಸ್ಸಿ ಜೇಮ್ಸ್ ಅನ್ನುವವರು 1941ರಿಂದ 1977ರಲ್ಲಿ ಸಾಯುವವರೆಗೂ ಅದೇ ಕುರ್ಚಿಯಲ್ಲಿದ್ದರು. ಮೂವತ್ತಾರು ವರ್ಷ! ಅವರ ನಂತರ ಬಂದ ವಾರೆನ್ ಹಾರ್ಡಿಂಗ್ ಮೇಲೆ 1982ರ ಚುನಾವಣೆ ಹೊತ್ತಿಗೆ ಅಧಿಕಾರ ದುರುಪಯೋಗದ ಮೊಕದ್ದಮೆ ಬಿತ್ತು.

ರಿಚರ್ಡ್ಸ್ ಕಣಕ್ಕಿಳಿದದ್ದು ಆಗಲೇ. ಮೊದಲು ಶಾಲಾ ಟೀಚರ್ ಆಗಿದ್ದವರು, ನಾಲ್ಕು ಮಕ್ಕಳ ತಾಯಿ. 1976ರಲ್ಲಿ ಆಸ್ಟಿನ್ ಇರುವ ಟ್ರಾವಿಸ್ ಕೌಂಟಿಯ (ನಮ್ಮ ಜಿಲ್ಲೆ ಇದ್ದ ಹಾಗೆ) ಕಮಿಷನರ್ ಆಗಿ ಗೆದ್ದಿದ್ದರು. ಕುಡಿತದ ಚಟ ಬಿಡಲು 1980ರಲ್ಲಿ ಚಿಕಿತ್ಸೆ ತೆಗೆದುಕೊಂಡಿದ್ದರು. ಎದುರಾಳಿಗಳು ಅದನ್ನು ಎತ್ತಿ ಆಡಿದರು. ಅವರು ಮುಚ್ಚಿಡಲಿಲ್ಲ. ಗೆದ್ದರು. ಐವತ್ತು ವರ್ಷಗಳಲ್ಲಿ ಟೆಕ್ಸಸ್‌ನ ಇಡೀ ರಾಜ್ಯ ವೋಟು ಹಾಕುವ ಹುದ್ದೆಗೆ ಗೆದ್ದ ಮೊದಲ ಹೆಂಗಸು ಅವರು.

ಒಳಗೆ ಹೋದರೆ ಎಲ್ಲ ಹಳೇ ಕಾಲದ ಪದ್ಧತಿ. ರಾಜ್ಯಕ್ಕೆ ಬರುವ ತೆರಿಗೆ ಚೆಕ್ಕುಗಳನ್ನು ಕೈಯಲ್ಲೇ ವಿಂಗಡಿಸಿ, ಲೆಕ್ಕ ಬರೆದು, ನಿಧಾನಕ್ಕೆ ಬ್ಯಾಂಕಿಗೆ ಕಳಿಸುತ್ತಿದ್ದರು. ಇದರಲ್ಲಿ ಕಳ್ಳತನ ಏನಿಲ್ಲ. ಸುಮ್ನೆ ತಡ. ಆದರೆ ತಡಕ್ಕೂ ಬೆಲೆ ಇದೆ. ಲೆಕ್ಕ ಹಾಕಿ ನೋಡಿ. 10 ಕೋಟಿ ಡಾಲರ್ ಮೇಜಿನ ಮೇಲೆ ಒಂದು ದಿನ ಬಿದ್ದಿತ್ತು ಅಂದುಕೊಳ್ಳಿ. ವರ್ಷಕ್ಕೆ ಶೇಕಡಾ 9ರ ಬಡ್ಡಿ ಅಂದರೂ ಆ ಒಂದೇ ದಿನಕ್ಕೆ ಸುಮಾರು 24,650 ಡಾಲರ್ ಹೋಯಿತು. ಯಾರೂ ತಿನ್ನಲಿಲ್ಲ, ಆದರೂ ಜನರ ದುಡ್ಡು ಹೋಯಿತು. ಇಂಥ ನಷ್ಟಕ್ಕೆ ಯಾವ ಪತ್ರಿಕೆಯಲ್ಲೂ ದೊಡ್ಡ ಅಕ್ಷರದ ಸುದ್ದಿ ಬರುವುದಿಲ್ಲ, ಅಲ್ವಾ?

ರಿಚರ್ಡ್ಸ್ ಇದನ್ನು ಬದಲಾಯಿಸಿದರು. ಕಂಪ್ಯೂಟರ್ ತಂದರು. ಚೆಕ್ ಬಂದಷ್ಟೇ ಬೇಗ ಬ್ಯಾಂಕಿಗೆ ಹೋಗುವಂತೆ ಮಾಡಿದರು, ಬಡ್ಡಿ ದುಡಿಯುವಂತೆ ಮಾಡಿದರು. ಅಲ್ಲಿಯವರೆಗೆ ಆ ಕಚೇರಿಯ ಬಾಗಿಲು ಅಷ್ಟಾಗಿ ತೆರೆಯದಿದ್ದ ಹೆಂಗಸರನ್ನು, ಕಪ್ಪು ಜನರನ್ನು, ಮೆಕ್ಸಿಕನ್ ಮೂಲದವರನ್ನು ಕೆಲಸಕ್ಕೆ ತೆಗೆದುಕೊಂಡರು. 1986ರಲ್ಲಿ ಕಚ್ಚಾ ತೈಲದ ಬೆಲೆ ಕುಸಿದು, ತೈಲವನ್ನೇ ನೆಚ್ಚಿಕೊಂಡಿದ್ದ ಟೆಕ್ಸಸ್ ಬೊಕ್ಕಸಕ್ಕೆ ದೊಡ್ಡ ಹೊಡೆತ ಬಿತ್ತು. ಅಂಥ ಹೊತ್ತಲ್ಲಿ ಒಂದು ದಿನದ ಬಡ್ಡಿಯೂ ಸಣ್ಣ ಮಾತಲ್ಲ. ಅದೇ ವರ್ಷ ಎರಡನೇ ಸಲ ಅವರೇ ಆರಿಸಿ ಬಂದರು. 1990ರಲ್ಲಿ ಗವರ್ನರ್ ಚುನಾವಣೆ ಗೆದ್ದರು. ಆ ಕಥೆ ಎಲ್ಲರಿಗೂ ಗೊತ್ತು.

ನನಗೆ ಅಷ್ಟೇ ಇಷ್ಟವಾಗುವ ಇನ್ನೊಬ್ಬರಿದ್ದಾರೆ, ಮಾರ್ಥಾ ವೈಟ್‌ಹೆಡ್. 1993ರಲ್ಲಿ ರಿಚರ್ಡ್ಸ್ ಅವರೇ ನೇಮಿಸಿದ ಖಜಾಂಚಿ. 1994ರಲ್ಲಿ ಚುನಾವಣೆಗೆ ನಿಂತು ಅವರು ಜನರ ಮುಂದಿಟ್ಟ ಭರವಸೆ ಏನು ಗೊತ್ತಾ? ನನ್ನನ್ನು ಗೆಲ್ಲಿಸಿ, ಈ ಹುದ್ದೆಯನ್ನೇ ತೆಗೆಸುತ್ತೇನೆ ಅಂತ. ಈ ಕೆಲಸವನ್ನು ರಾಜ್ಯದ ತೆರಿಗೆ, ಲೆಕ್ಕ ನೋಡಿಕೊಳ್ಳುವ ಕಂಪ್ಟ್ರೋಲರ್ ಕಚೇರಿಯೇ ಮಾಡಬಹುದು, ಎರಡು ಕಚೇರಿ ಯಾಕೆ ಅನ್ನುವುದು ಅವರ ವಾದ. ಗೆದ್ದರು. 1995ರ ನವೆಂಬರ್‌ನಲ್ಲಿ ರಾಜ್ಯದ ಸಂವಿಧಾನ ತಿದ್ದುಪಡಿಗೆ ಜನ ಒಪ್ಪಿದರು. 1996ರಲ್ಲಿ ಟೆಕ್ಸಸ್ ಖಜಾಂಚಿ ಅನ್ನುವ ಹುದ್ದೆಯೇ ಇಲ್ಲವಾಯಿತು. ಕುರ್ಚಿ ಉಳಿಸಿಕೊಳ್ಳಲು ಏನೆಲ್ಲಾ ಮಾಡುವವರನ್ನು ನೋಡಿರುವ ನಮಗೆ ಇದು ನಂಬಲು ಕಷ್ಟ. ಒಬ್ಬರು ಆ ಕಚೇರಿಯನ್ನು ಸರಿಮಾಡಿದರು, ಇನ್ನೊಬ್ಬರು ಮುಚ್ಚಿದರು. ಇಬ್ಬರೂ ನೋಡಿದ್ದು ಜನರ ದುಡ್ಡನ್ನೇ ಅಂತ ನಾನು ನಂಬುತ್ತೇನೆ.

ನಮ್ಮಲ್ಲೂ ಖಜಾಂಚಿ ಚುನಾವಣೆ ಬೇಕು ಅಂತ ನಾನು ಹೇಳುತ್ತಿಲ್ಲ. ಇರುವ ಚುನಾವಣೆಗಳೇ ಸಾಕಷ್ಟು. ಆದರೆ ಮಾರ್ಚ್ ಕೊನೆಗೆ ಅನುದಾನ ವಾಪಸ್ ಹೋಗದಿರಲಿ ಅಂತ ಪಿ.ಡಿ. ಖಾತೆಗೆ (ಅಧಿಕಾರಿಗಳ ಪರ್ಸನಲ್ ಡೆಪಾಸಿಟ್ ಖಾತೆ) ಹಾಕಿ ಇಡುವ ರೂಢಿಯನ್ನು ಸಿಎಜಿ ವರದಿಗಳು ಮತ್ತೆ ಮತ್ತೆ ಟೀಕಿಸಿವೆ. ಆ ವರದಿ ಬಂದ ದಿನ ಎಷ್ಟು ಶಾಸಕರು ಎದ್ದು ನಿಂತು ಪ್ರಶ್ನೆ ಕೇಳುತ್ತಾರೆ? ನಾವಾದರೂ ವೋಟು ಕೇಳಲು ಬಂದವರನ್ನು ರಸ್ತೆ, ನೀರಿನ ಜೊತೆ ಇದನ್ನೂ ಕೇಳಬೇಕು: ನಮ್ಮ ಕ್ಷೇತ್ರಕ್ಕೆ ಬಂದ ದುಡ್ಡು ಖರ್ಚಾಗದೆ ಎಲ್ಲಿ ಕೂತಿದೆ, ಎಷ್ಟು ತಿಂಗಳಿಂದ ಕೂತಿದೆ?

ಆಸ್ಟಿನ್, ಡಲ್ಲಾಸ್, ಹ್ಯೂಸ್ಟನ್ ಕಡೆ ಇದ್ದು, ಅಲ್ಲಿ ವೋಟಿನ ಹಕ್ಕು ಪಡೆದಿರುವ ಕನ್ನಡಿಗ ಗೆಳೆಯರೇ, ನಿಮ್ಮ ಮತಪತ್ರದಲ್ಲಿ ಕಂಪ್ಟ್ರೋಲರ್ ಅನ್ನುವ ಹುದ್ದೆ ನಾಲ್ಕು ವರ್ಷಕ್ಕೊಮ್ಮೆ ಬರುತ್ತದೆ. ಆ ಹಳೇ ಖಜಾನೆಯ ಕೆಲಸವೂ ಈಗ ಅವರದ್ದೇ. ದಯವಿಟ್ಟು ಅದನ್ನು ಖಾಲಿ ಬಿಡಬೇಡಿ. ನಿಂತಿರುವವರು ಯಾರು, ಲೆಕ್ಕ ಗೊತ್ತಿರುವವರಾ ಅಂತ ಓದಿಕೊಂಡು ಹೋಗಿ.