ಇಡೀ ಗಾಜು ಒರೆಸಿ ಹೊರಡೋಣ

ಕಳೆದ ಜನವರಿಯಲ್ಲಿ ಊರಿಗೆ ಬಂದಿದ್ದೆ. ಒಂದು ದಿನ ನಸುಕಿನಲ್ಲಿ ಧಾರವಾಡದಿಂದ ಬಾಡಿಗೆ ಕಾರಿನಲ್ಲಿ ಗದಗಕ್ಕೆ ಹೊರಟೆ. ಹೊರಗೆ ಮಂಜು, ಗಾಜಿನ ತುಂಬ ಇಬ್ಬನಿ. ಡ್ರೈವರ್ ಅಂಗೈಯಿಂದ ರೊಟ್ಟಿಯಷ್ಟು ಜಾಗ ಒರೆಸಿಕೊಂಡು ಗಾಡಿ ಬಿಟ್ಟೇಬಿಟ್ಟರು. "ಪೂರ್ತಿ ಒರಸ್ರಿ, ಎರಡ ನಿಮಿಷ ತಡಾ ಆದ್ರೂ ಚಿಂತಿಲ್ಲ" ಅಂದೆ. "ಹೋಗ್ತಾ ಹೋಗ್ತಾ ಆರತೈತ್ರೀ ಸರ" ಅಂದರು. ನಾನು ಸುಮ್ಮನಾದೆ. ಅಣ್ಣಿಗೇರಿ ಬರುವವರೆಗೂ ಕಣ್ಣು ಆ ಕಿಂಡಿಯ ಮೇಲೇ ಇತ್ತು.

ನಾನಿರುವುದು ಕೆನಡಾದಲ್ಲಿ, ಟೊರೊಂಟೊ ಪಕ್ಕದ ಮಿಸ್ಸಿಸಾಗಾದಲ್ಲಿ. ಅಲ್ಲಿ ಚಳಿಗಾಲದ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಕಾರಿಗೇ ಹತ್ತು-ಹದಿನೈದು ನಿಮಿಷ ಬೇಕು. ಮೇಲಿನ ಹಿಮ ಗುಡಿಸಬೇಕು, ಗಾಜಿನ ಮೇಲೆ ಗಟ್ಟಿಯಾಗಿದ್ದನ್ನು ಕೆರೆಯಬೇಕು, ದೀಪ, ಕನ್ನಡಿ ಎಲ್ಲ ಒರೆಸಬೇಕು. ಬಿಸಿನೀರು ಸುರಿಯುವ ಹಾಗಿಲ್ಲ, ಗಾಜು ಸೀಳಿಬಿಡಬಹುದು. ವೈಪರ್‌ಗೆ ಹಾಕುವ ನೀರೂ ಬೇರೆ, ಮೈನಸ್ 40 ಡಿಗ್ರಿಯಲ್ಲೂ ಹೆಪ್ಪುಗಟ್ಟದಂಥದ್ದು. ಕಿಂಡಿಯಷ್ಟೇ ಕೆರೆದುಕೊಂಡು ರಸ್ತೆಗಿಳಿದರೆ ಪೊಲೀಸರು ದಂಡ ಹಾಕಬಹುದು. ಈ ಹದಿನೈದು ನಿಮಿಷ ಹಾಳಾಯಿತು ಎಂದು ಅಲ್ಲಿ ಯಾರೂ ಗೊಣಗುವುದನ್ನು ನಾನು ಕೇಳಿಲ್ಲ. ಪ್ರಯಾಣ ಶುರುವಾಗುವುದೇ ಅಲ್ಲಿಂದ.

ವಿಮಾನದ್ದು ಇನ್ನೂ ದೊಡ್ಡ ಕೆಲಸ. ಹಿಮ ಬೀಳುವ ದಿನ ಟೊರೊಂಟೊದ ಪಿಯರ್ಸನ್ ನಿಲ್ದಾಣದಲ್ಲಿ ಎಲ್ಲರೂ ಹತ್ತಿ, ಬಾಗಿಲು ಹಾಕಿದ ಮೇಲೆ ವಿಮಾನ ರನ್‌ವೇಗೆ ನೇರ ಹೋಗುವುದಿಲ್ಲ. ಮೊದಲು ಡಿ-ಐಸಿಂಗ್, ಅಂದರೆ ಹಿಮ ತೆಗೆಯುವ ಜಾಗಕ್ಕೆ ಹೋಗಿ ನಿಲ್ಲುತ್ತದೆ. ಉದ್ದ ಕೈಯ ಲಾರಿಗಳು ಎರಡೂ ಕಡೆ ಬಂದು, ಕಿತ್ತಳೆ ಬಣ್ಣದ ಬಿಸಿ ದ್ರವವನ್ನು ರೆಕ್ಕೆ, ಬಾಲದ ಮೇಲೆ ಜೋರಾಗಿ ಹಾಯಿಸುತ್ತವೆ. ಅದು ನೀರು ಮತ್ತು ಗ್ಲೈಕಾಲ್ ಎಂಬ, ಸುಲಭಕ್ಕೆ ಹೆಪ್ಪುಗಟ್ಟದ ರಾಸಾಯನಿಕದ ಮಿಶ್ರಣ. ಇದ್ದ ಹಿಮವೆಲ್ಲ ಕರಗಿ ಹೋಗುತ್ತದೆ. ಆಮೇಲೆ ಹಸಿರು ಬಣ್ಣದ ಇನ್ನೊಂದು ದ್ರವ. ಅದು ಬೆಂಡೆಕಾಯಿ ಲೋಳೆಯ ಹಾಗೆ ದಪ್ಪ. ರೆಕ್ಕೆಗೆ ಅಂಟಿಕೊಂಡು ಹೊಸದಾಗಿ ಹಿಮ ಕಟ್ಟದಂತೆ ತಡೆಯುತ್ತದೆ. ವಿಮಾನ ಓಡಿ ಏರುವಾಗ ಗಾಳಿಯ ರಭಸಕ್ಕೆ ತಾನೇ ಜಾರಿ ಹೋಗುತ್ತದೆ. ಅದರ ಶಕ್ತಿಗೂ ಲೆಕ್ಕವಿದೆ. ಎಂಥ ಹಿಮ, ಎಷ್ಟು ಚಳಿ ಎಂಬುದರ ಮೇಲೆ ಎಷ್ಟು ನಿಮಿಷ ತಾಳುತ್ತದೆ ಎಂದು ಪಟ್ಟಿ ಇರುತ್ತದೆ. ಆ ಹೊತ್ತು ಮೀರಿದರೆ ವಾಪಸ್ ಬಂದು ಮತ್ತೆ ಹಾಯಿಸಿಕೊಳ್ಳಬೇಕಾಗಬಹುದು.

ಇಷ್ಟೆಲ್ಲ ಯಾಕೆ ಅಂದರೆ, ಬರೀ ಭಾರದ ಪ್ರಶ್ನೆ ಅಲ್ಲ. ಸ್ಯಾಂಡ್ ಪೇಪರ್‌ನಷ್ಟು ತೆಳ್ಳಗೆ, ಒರಟಾಗಿ ಹಿಮ ಕಟ್ಟಿದರೂ ರೆಕ್ಕೆಯ ಎತ್ತುವ ಶಕ್ತಿ ಶೇಕಡಾ 30ರವರೆಗೆ ತಗ್ಗಬಹುದು. ಗಾಳಿಯ ಎಳೆತ ಶೇಕಡಾ 40ರವರೆಗೆ ಹೆಚ್ಚಬಹುದು.

1989ರ ಮಾರ್ಚ್ 10ರಂದು ಒಂಟಾರಿಯೊದ ಡ್ರೈಡನ್ ಎಂಬ ಸಣ್ಣ ಊರಿನಲ್ಲಿ ಏರ್ ಒಂಟಾರಿಯೊ ವಿಮಾನ ರೆಕ್ಕೆಯ ಮೇಲೆ ಹಿಮ ಹೊತ್ತುಕೊಂಡೇ ಓಡಿತು. ಏಳಲಾರದೆ ಕಾಡಿನೊಳಗೆ ಬಿತ್ತು. 69 ಜನರಲ್ಲಿ 24 ಮಂದಿ ಸತ್ತರು. ನನ್ನನ್ನು ಕಾಡುವುದು ಇನ್ನೊಂದು ಸಂಗತಿ. ಆ ವಿಮಾನದಲ್ಲಿ ಪ್ರಯಾಣಿಕರಾಗಿ ಕುಳಿತಿದ್ದ ಬೇರೆ ಪೈಲಟ್‌ಗಳು ಕಿಟಕಿಯಿಂದ ಆ ಹಿಮ ನೋಡಿದ್ದರು. ಮುಂದೆ ಕುಳಿತವರಿಗೆ ಗೊತ್ತಿರುತ್ತದೆ ಎಂದುಕೊಂಡು ಸುಮ್ಮನಿದ್ದರು. ನ್ಯಾಯಮೂರ್ತಿ ಮೊಷಾನ್ಸ್ಕಿ ಆಯೋಗದ ತನಿಖೆಯಲ್ಲಿ ಇದೆಲ್ಲ ಹೊರಬಂತು.

ನಮ್ಮ ಕಡೆ ಹಿಮವೇ ಬೀಳಲ್ಲ, ಇದೆಲ್ಲ ನಮಗ್ಯಾಕೆ ಅನ್ನುತ್ತೀರಾ? ಹುಬ್ಬಳ್ಳಿಗೆ ಬರುವ, ಪಂಖ ತಿರುಗುವ ಸಣ್ಣ ಎಟಿಆರ್ ವಿಮಾನದ ರೆಕ್ಕೆಯ ಮುಂಭಾಗ ನೋಡಿ. ಕಪ್ಪು ರಬ್ಬರ್ ಪಟ್ಟಿ ಕಾಣುತ್ತದೆ. ಹಿಮ ಕಟ್ಟಿದಾಗ ಅದರೊಳಗೆ ಗಾಳಿ ತುಂಬುತ್ತದೆ, ಪಟ್ಟಿ ಉಬ್ಬುತ್ತದೆ, ಮಂಜುಗಡ್ಡೆ ಒಡೆದು ಉದುರುತ್ತದೆ. ಸಾವಿರ ಮೀಟರ್ ಏರಿದರೆ ಸುಮಾರು 6.5 ಡಿಗ್ರಿ ತಂಪು ಜಾಸ್ತಿ. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ 30 ಡಿಗ್ರಿ ಬಿಸಿಲಿದ್ದರೂ ಆರು ಸಾವಿರ ಮೀಟರ್ ಮೇಲೆ ಸೊನ್ನೆಗಿಂತ ಕೆಳಗೆ. ರಿಯೊದಿಂದ ಪ್ಯಾರಿಸ್‌ಗೆ ಹೊರಟಿದ್ದ ಏರ್ ಫ್ರಾನ್ಸ್ ವಿಮಾನದ ವೇಗ ಅಳೆಯುವ ಕೊಳವೆಗಳಲ್ಲಿ 2009ರ ಜೂನ್ 1ರಂದು ಮಂಜುಗಡ್ಡೆ ಕಟ್ಟಿತು. ಅಲ್ಲಿಂದ ಶುರುವಾದ ಗೊಂದಲದಲ್ಲಿ 228 ಜನ ಹೋದರು. ಅದು ನಡೆದದ್ದು ಸಮಭಾಜಕದ ಹತ್ತಿರ, ಚಳಿ ದೇಶದಲ್ಲಿ ಅಲ್ಲ.

ಕೆನಡಾದಲ್ಲಿ ಮಾಡುವುದೆಲ್ಲ ಸರಿ ಅಂತ ನಾನು ಹೇಳಲ್ಲ. ಹಿಮ ಕರಗಲಿ ಅಂತ ರಸ್ತೆಗೆ ಸುರಿಯುವ ಉಪ್ಪು ವಿಪರೀತ. ಕುಲ್ಫಿ ಮಾರುವವರು ಮಡಕೆಯ ಐಸಿಗೆ ಹಾಕುತ್ತಾರಲ್ವಾ, ಅದೇ ಉಪ್ಪಿನ ಗುಣ. ಆದರೆ ಕಾರಿನ ತಳ ತುಕ್ಕು ಹಿಡಿಯುತ್ತದೆ, ಹಳ್ಳದ ನೀರು ಕೆಡುತ್ತದೆ. ಆ ಒಂದು ವಿಷಯದಲ್ಲಿ ಅವರು ಕೈ ಬಿಗಿ ಹಿಡಿಯಬೇಕು.

ಹೊರಡುವ ಮುಂಚೆ ಸ್ವಚ್ಛ ಮಾಡುವ ರೂಢಿ ನಮಗೇನೂ ಹೊಸದಲ್ಲ. ನವಲಗುಂದ ಕಡೆ ನಮ್ಮದು ಎರಿ ಹೊಲ. ಮಳೆಯಾದ ಮೇಲೆ ಆ ಕರಿ ಮಣ್ಣು ಚಕ್ಕಡಿ ಗಾಲಿಗೆ ಮೆತ್ತಿಕೊಂಡು, ಗಾಲಿ ಎರಡು ಪಟ್ಟು ದಪ್ಪ ಆಗುತ್ತಿತ್ತು. ಅಜ್ಜ ಕುರ್ಪಿ ಹಿಡಿದು ಒಂದೊಂದೇ ಗಾಲಿ ಕೆರೆದು, ಆಮೇಲೇ ಎತ್ತು ಹೊಡೆಯುತ್ತಿದ್ದರು. ನಾನು ಅವಸರ ಮಾಡಿದರೆ, "ಇಷ್ಟ ಮಣ್ಣ ಹೊತ್ಕೊಂಡು ಎತ್ತು ಎಷ್ಟ ದೂರ ಹೋಗ್ತಾವೋ ತಮ್ಮಾ" ಅನ್ನುತ್ತಿದ್ದರು. ಚಕ್ಕಡಿಗೆ ಇದ್ದ ಈ ತಾಳ್ಮೆ ಕಾರಿಗೆ ಯಾಕೆ ಬರಲಿಲ್ಲ?

ನನ್ನ ಕೋರಿಕೆ ಇಷ್ಟೇ. ಚಳಿಗಾಲದ ಬೆಳಗಿನ ಗಾಡಿಗಳಿಗೆ ಐದು ನಿಮಿಷ ಗಾಜಿಗಾಗಿ ಇಡಿ. ಹೊರಗಿನ ಇಬ್ಬನಿಗೆ ಒಣ ಬಟ್ಟೆ ಮತ್ತು ವೈಪರ್ ಸಾಕು. ಒಳಗೆ ಕಟ್ಟುವ ಆವಿಗೆ ಎಸಿ ಹಾಕಿ ಗಾಳಿಯನ್ನು ಗಾಜಿನ ಕಡೆ ತಿರುಗಿಸಿ, ಬೇಗ ಆರುತ್ತದೆ. ಹತ್ತಿ ಕುಳಿತ ನಾವು "ಲಗೂನ ಬಿಡ್ರೀ" ಅನ್ನುವುದು ನಿಲ್ಲಲಿ. ಕಿಂಡಿ ಮಾತ್ರ ಒರೆಸಿ ಹೊರಟರೆ ಒಂದು ಸಲ ಹೇಳಿ ಸುಮ್ಮನಾಗಬೇಡಿ. ನಾನು ಆ ಬೆಳಿಗ್ಗೆ ಹಾಗೆ ಸುಮ್ಮನಾಗಬಾರದಿತ್ತು. ಹುಬ್ಬಳ್ಳಿ ಬೈಪಾಸ್ ಹತ್ತಿರವೇ ಗಾಡಿ ಪಕ್ಕಕ್ಕೆ ಹಾಕಿಸಬೇಕಿತ್ತು.