ಐಕ್ಯೂ (ಬುದ್ಧಿಮತ್ತೆಯ ಅಂಕ) 59 ಇದ್ದವನಿಗೆ ಮರಣದಂಡನೆ ಕೊಡಬಹುದಾ?

ಅಮೆರಿಕದ ಸುಪ್ರೀಂ ಕೋರ್ಟು 2002ರಲ್ಲೇ ಇದಕ್ಕೆ ಉತ್ತರ ಕೊಟ್ಟಿದೆ. ಬುದ್ಧಿಮಾಂದ್ಯರಿಗೆ ಮರಣದಂಡನೆ ಕೊಡುವಂತಿಲ್ಲ ಅಂತ ಅಟ್ಕಿನ್ಸ್ ಕೇಸಿನಲ್ಲಿ ಆರು ಜಡ್ಜುಗಳು ಹೇಳಿದರು, ಮೂವರು ಒಪ್ಪಲಿಲ್ಲ. ಜಗಳ ಇನ್ನೂ ಮುಗಿದಿಲ್ಲ.

ವಿನಾಯಿತಿಯ ಪರ: ಕೊಡಲೇಬಾರದು

ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರಲ್ಲ, ಕೊಲೆ ಕೇಸಿನಲ್ಲಿ ಮಾತು ಬಲ್ಲವನಿಗೆ ಸಾವೂ ಇಲ್ಲ. 1996ರಲ್ಲಿ ವರ್ಜೀನಿಯಾದಲ್ಲಿ ಡ್ಯಾರಿಲ್ ಅಟ್ಕಿನ್ಸ್ ಮತ್ತು ಅವನ ಜೊತೆಗಾರ ಸೇರಿ ಒಬ್ಬ ಯುವಕನನ್ನು ಅಪಹರಿಸಿದರು, ಆಮೇಲೆ ಆ ಯುವಕ ಕೊಲೆಯಾದ. ಗುಂಡು ಹೊಡೆದದ್ದು ನಾನಲ್ಲ, ಅವನು ಅಂತ ಇಬ್ಬರೂ ಒಬ್ಬರ ಮೇಲೊಬ್ಬರು ಹೇಳಿದರು. ಜೊತೆಗಾರನ ಕಥೆ ನೀಟಾಗಿ ಕೂತಿತು. ಅಟ್ಕಿನ್ಸ್ ಹೇಳಿದ್ದು ಒಂದಕ್ಕೊಂದು ತಾಳೆಯಾಗಲಿಲ್ಲ. ಅವನಿಗೆ ಜೀವಾವಧಿ, ಇವನಿಗೆ ಮರಣದಂಡನೆ. ಇವನ ಐಕ್ಯೂ 59, ಸರಾಸರಿ ಮನುಷ್ಯನದು 100.

ವರ್ಷಗಳಾದ ಮೇಲೆ ಇನ್ನೊಂದು ವಿಷಯ ಹೊರಬಿತ್ತು. ಜೊತೆಗಾರನ ಹೇಳಿಕೆ ರೆಕಾರ್ಡ್ ಮಾಡುವಾಗ ನಡುವೆ ಟೇಪ್ ನಿಲ್ಲಿಸಿ, ಪುರಾವೆಗೆ ಹೊಂದುವ ಹಾಗೆ ಸರ್ಕಾರಿ ವಕೀಲರು ಅವನಿಗೆ ಹೇಳಿಕೊಟ್ಟಿದ್ದರು ಅಂತ ಅವನ ವಕೀಲರೇ ಬಾಯಿಬಿಟ್ಟರು. 2008ರಲ್ಲಿ ಅಟ್ಕಿನ್ಸ್ ಶಿಕ್ಷೆ ಜೀವಾವಧಿಗೆ ಇಳಿದದ್ದು ಇದರಿಂದ, ಅವನದೇ ಹೆಸರಿನ ಆ ದೊಡ್ಡ ತೀರ್ಪಿನಿಂದಲ್ಲ!

ಅದೇ ರಾಜ್ಯದ ಅರ್ಲ್ ವಾಷಿಂಗ್ಟನ್ ಕಥೆ ಇನ್ನೂ ಕೆಟ್ಟದ್ದು. ಬುದ್ಧಿಮಾಂದ್ಯನಾದ ಅವನು ಒಬ್ಬ ಹೆಂಗಸಿನ ಕೊಲೆ ಕೇಸಿನಲ್ಲಿ ಪೊಲೀಸರು ಕೇಳಿದ್ದಕ್ಕೆಲ್ಲ ಹೂಂ ಅಂದ. ಯಾರನ್ನಾದರೂ ಮೆಚ್ಚಿಸಬೇಕು, ಬೈಸಿಕೊಳ್ಳಬಾರದು ಅಂತ ಬದುಕಿಡೀ ತಲೆಯಾಡಿಸಿದವರಿಗೆ ಠಾಣೆಯಲ್ಲಿ ಬೇರೆ ಏನು ಗೊತ್ತಾಗುತ್ತೆ? ಸತ್ತ ಹೆಂಗಸು ಕಪ್ಪು ಜನಾಂಗದವಳು ಅಂದ, ಆಕೆ ಬಿಳಿಯಳು. ಎರಡು ಮೂರು ಸಲ ಇರಿದೆ ಅಂದ, ಮೈಮೇಲೆ 38 ಗಾಯಗಳಿದ್ದವು. ಅಷ್ಟಾದರೂ ತಪ್ಪೊಪ್ಪಿಗೆ ಅಂತಲೇ ಬರೆದುಕೊಂಡರು. 1985ರಲ್ಲಿ ಸಾವಿಗೆ ಒಂಬತ್ತು ದಿನ ಬಾಕಿ ಇದ್ದಾಗ ತಡೆ ಸಿಕ್ಕಿತು, ಡಿಎನ್‌ಎ ಪರೀಕ್ಷೆ ಆಗಿ 2000ದಲ್ಲಿ ಪೂರ್ತಿ ಕ್ಷಮಾದಾನ ಬಂತು.

ಆ ಅದೃಷ್ಟ ಕೊಲರಾಡೊದ ಜೋ ಆರಿಡಿಗೆ ಇರಲಿಲ್ಲ. ಐಕ್ಯೂ 46. ಅವನಿಂದಲೂ ಮಾಡದ ಕೊಲೆಯನ್ನು ಒಪ್ಪಿಸಿಕೊಂಡಿದ್ದರು. ಜೈಲಿನಲ್ಲಿ ಆಟಿಕೆ ರೈಲು ಓಡಿಸುತ್ತಾ ಕೂರುತ್ತಿದ್ದ, ಕೊನೆಗೆ ಏನು ಊಟ ಬೇಕು ಅಂದರೆ ಐಸ್‌ಕ್ರೀಂ ಅಂದ, ರೈಲನ್ನು ಇನ್ನೊಬ್ಬ ಕೈದಿಗೆ ಕೊಟ್ಟು 1939ರ ಜನವರಿಯಲ್ಲಿ ವಿಷಾನಿಲದ ಕೋಣೆಗೆ ನಡೆದ. ರಾಜ್ಯ ಅವನಿಗೆ ಕ್ಷಮೆ ಕೊಟ್ಟದ್ದು 2011ರಲ್ಲಿ. ಯಾರಿಗೆ ಕೊಟ್ಟ ಹಾಗಾಯಿತು?

ಯಾಕೆ ಸಾಯಿಸುತ್ತಿದ್ದಾರೆ ಅಂತಲೇ ತಿಳಿಯದವನನ್ನು ಸಾಯಿಸಿದರೆ ಅದನ್ನು ಶಿಕ್ಷೆ ಅನ್ನೋದು ಹೇಗೆ? ಜೈಲಿನಲ್ಲಿಡಿ, ಜೀವಮಾನವೆಲ್ಲ ಇಡಿ. ತಪ್ಪಾಗಿದ್ದರೆ ಬಾಗಿಲು ತೆಗೆಯಬಹುದು.

ವಿರೋಧ: ಸಾರಾಸಗಟು ವಿನಾಯಿತಿ ಬೇಡ

ಅಟ್ಕಿನ್ಸ್ ಹೆಸರು ಕಾನೂನು ಪುಸ್ತಕದಲ್ಲಿ ಉಳಿಯಿತು. ಸತ್ತವನ ಹೆಸರು ಎರಿಕ್ ನೆಸ್ಬಿಟ್. 21 ವರ್ಷ, ವಾಯುಪಡೆಯವನು. ಅವನನ್ನು ಅವನದೇ ಗಾಡಿಯಲ್ಲಿ ಎಟಿಎಂಗೆ ಕರೆದೊಯ್ದು 200 ಡಾಲರ್ ತೆಗೆಸಿದರು, ಅಲ್ಲಿನ ಕ್ಯಾಮೆರಾದಲ್ಲಿ ಅದು ದಾಖಲಾಗಿದೆ. ಆಮೇಲೆ ಯಾರೂ ಇಲ್ಲದ ಕಡೆ ಕರೆದೊಯ್ದು ಎಂಟು ಗುಂಡು. ಇಷ್ಟೆಲ್ಲ ಮಾಡೋದಕ್ಕೆ ಸಾಕಾಗುವ ಬುದ್ಧಿ, ಅದು ತಪ್ಪು ಅಂತ ತಿಳಿಯೋಕೆ ಸಾಲಲ್ಲ ಅಂದರೆ ನಂಬೋದು ಕಷ್ಟ.

ನಮ್ಮ ದೊಡ್ಡಮ್ಮನ ಮಗನೂ ಹೀಗೇ. ಅಂಗಡಿಯಿಂದ ಚಿಲ್ಲರೆ ಎಣಿಸಿ ತರೋಕೆ ಬರಲ್ಲ. ಆದರೆ ಪಕ್ಕದ ಮನೆ ಹುಡುಗನಿಗೆ ಹೊಡೆದ ದಿನ, ಯಾರೂ ಏನೂ ಕೇಳುವ ಮೊದಲೇ ಬಾಗಿಲ ಹಿಂದೆ ಹೋಗಿ ನಿಂತಿರುತ್ತಾನೆ. ಅವನಿಗೆ ಗೊತ್ತು. ಅವನಿಗೆ ಒಳ್ಳೆಯದು ಕೆಟ್ಟದ್ದು ತಿಳಿಯೋದೇ ಇಲ್ಲ ಅನ್ನೋದು ನನ್ನ ಕಿವಿಗೆ ಕರುಣೆಯಂತೆ ಕೇಳಲ್ಲ, ಅವಮಾನದಂತೆ ಕೇಳುತ್ತೆ.

ವಾಷಿಂಗ್ಟನ್, ಆರಿಡಿ ಕಥೆ ಕೇಳಿ ನನಗೂ ಹೊಟ್ಟೆ ತೊಳಸುತ್ತೆ. ಆದರೆ ಅಲ್ಲಿ ಕೆಟ್ಟದ್ದು ತನಿಖೆ. ಪೊಲೀಸರು ಬಾಯಿಗೆ ಮಾತು ತುರುಕಿದರೆ ಅದನ್ನು ತಡೀರಿ, ಒಳ್ಳೆ ವಕೀಲರನ್ನು ಕೊಡಿ. ನಿರಪರಾಧಿಯನ್ನು ಸಾಯೋವರೆಗೂ ಜೈಲಲ್ಲಿ ಕೊಳೆಸಿದರೆ ಅದೇನು ನ್ಯಾಯವಾ?

ಇನ್ನು ಗೆರೆ ಎಲ್ಲಿ ಎಳೀತೀರಿ? ಫ್ಲಾರಿಡಾ 70ಕ್ಕೆ ಎಳೆದಿತ್ತು. ಫ್ರೆಡ್ಡಿ ಹಾಲ್ ಅನ್ನೋನಿಗೆ 71 ಬಂತು, ಒಂದು ಅಂಕಕ್ಕೆ ಜೀವ ಹೋಗುವ ಹಾಗಾಯಿತು. 2014ರಲ್ಲಿ ಸುಪ್ರೀಂ ಕೋರ್ಟು, ಪರೀಕ್ಷೆಯಲ್ಲಿ ಹೆಚ್ಚುಕಮ್ಮಿ ಇರುತ್ತೆ, ಬರೀ ಅಂಕ ನೋಡಬೇಡಿ ಅಂದಿತು. ಅಟ್ಕಿನ್ಸ್‌ಗೇ ಮೊದಲು 59, ಆಮೇಲಿನ ಪರೀಕ್ಷೆಗಳಲ್ಲಿ 74, 76. 2005ರಲ್ಲಿ ಇನ್ನೊಂದು ಜ್ಯೂರಿ (ತೀರ್ಪು ಕೊಡೋಕೆ ಕೂಡಿಸಿದ ಸಾಮಾನ್ಯ ಜನ, ಹನ್ನೆರಡು ಮಂದಿ) ಕೂತು ಇವನು ಬುದ್ಧಿಮಾಂದ್ಯನೇ ಅಲ್ಲ ಅಂದುಬಿಟ್ಟಿತು. ಬೇಕಂತಲೇ ಪೆದ್ದನ ಹಾಗೆ ನಟಿಸೋರು ಬರ್ತಾರೆ ಅಂತ 2002ರಲ್ಲೇ, ಆ ತೀರ್ಪನ್ನು ಒಪ್ಪದ ಮೂವರಲ್ಲಿ ಒಬ್ಬರಾದ ಜಸ್ಟಿಸ್ ಸ್ಕಾಲಿಯಾ ಎಚ್ಚರಿಸಿದ್ದರು. ಅಟ್ಕಿನ್ಸ್ ನಟಿಸಿದ ಅಂತ ನಾನು ಹೇಳ್ತಿಲ್ಲ, ವಕೀಲರ ಜೊತೆ ವರ್ಷಗಟ್ಟಲೆ ಮಾತಾಡಿ ಬುದ್ಧಿ ಚುರುಕಾಯಿತು ಅಂತಲೂ ವಾದ ನಡೆಯಿತು. ಆದರೆ ಪರೀಕ್ಷೆ ಬದಲಾದ ಹಾಗೆ 59ರಿಂದ 76ಕ್ಕೆ ಹೋಗುವ ಅಳತೆಗೋಲಿಗಿಂತ, ಎದುರಿಗೆ ಕೂತ ಮನುಷ್ಯನನ್ನು ನೋಡಿ, ಮನೆಯವರನ್ನು, ಮೇಷ್ಟ್ರನ್ನು, ಡಾಕ್ಟರನ್ನು ಕೇಳಿ, ಇವನಿಗೆ ಎಷ್ಟು ತಿಳಿಯುತ್ತಿತ್ತು ಅಂತ ಒಂದೊಂದು ಕೇಸಿನಲ್ಲೂ ಹನ್ನೆರಡು ಜನ ತೂಗಿ ನೋಡೋದೇ ವಾಸಿ ಅಲ್ವಾ? ಅವರು ಬೇಡ ಅಂದರೆ ಬೇಡ.